ಹೊಳೆ ಆಚೆಯ ಲೈಸನ್ಸು

ಅಂದಾನಪ್ಪನ ಹೆಂಡತಿಯ ತವರುಮನೆ ವಿದೇಶದಲ್ಲಿತ್ತು.

ವಿದೇಶ ಅಂದಕೂಡಲೇ ಹಡಗು, ಹ್ಯಾಟು, ಕರಿನೀರು ಅಂತೆಲ್ಲ ನೀವು ನೆಟ್ಟಗೆ ಎದ್ದು ಕೂರುವ ಕಾರಣವಿಲ್ಲ. ಕಂಪ್ಲಿ ಕೋಟೆಯ ಹತ್ತಿರ ಹರಿಗೋಲು ಹತ್ತಿ, ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಕೆಂಪಾಗುವಷ್ಟರಲ್ಲಿ ಇಳಿದರೆ ಅದೇ ವಿದೇಶ. ಈಚೆ ದಂಡೆ ಮದ್ರಾಸಿನ ಇಂಗ್ಲಿಷರದು, ಆಚೆ ದಂಡೆ ಹೈದರಾಬಾದಿನ ನಿಜಾಮರದು. ನಡುವೆ ತುಂಗಭದ್ರೆ ಯಾರಿಗೂ ಸುಂಕ ಕಟ್ಟದೆ ತನ್ನ ಪಾಡಿಗೆ ಹರಿಯುತ್ತಿದ್ದಳು. ಈಚೆ ನಡೆಯುವುದು ಕಲ್ದಾರ್ ರೂಪಾಯಿ, ಆಚೆ ನಡೆಯುವುದು ಹಾಲಿ ರೂಪಾಯಿ. ಹಾಲಿಯ ಬೆಲೆ ಸ್ವಲ್ಪ ಕಮ್ಮಿ. ನೂರು ಕಲ್ದಾರ್ ಕೊಟ್ಟರೆ ನೂರಾ ಹದಿನಾರು ಹಾಲಿ, ಮೇಲೆ ಚಿಲ್ಲರೆ. ಆ ಚಿಲ್ಲರೆ ಮಾತ್ರ ಇವತ್ತು ಇದ್ದಂಗೆ ನಾಳೆ ಇರುತ್ತಿರಲಿಲ್ಲ. ನಮ್ಮ ಅಂದಾನಪ್ಪನ ಎಂಟು ತಿಂಗಳ ನಿದ್ದೆ ತಿಂದಿದ್ದು ಆ ಚಿಲ್ಲರೆಯೇ.

ಅಂದಾನಪ್ಪ ಕಂಪ್ಲಿಯಲ್ಲಿ ಬೆಲ್ಲದ ವ್ಯಾಪಾರಿ. ಕಾಸಿನ ವಿಷಯದಲ್ಲಿ ಭಾಳ ಗಟ್ಟಿ. (ಅವನ ಅಂಗಡಿಯ ಇರುವೆಗಳು ಸಹ ಬಡಕಲಾಗಿದ್ದವು ಅಂತ ಊರವರು ಹೇಳುತ್ತಿದ್ದರು. ನಾನು ನೋಡಿಲ್ಲ.) ಸಾರಿನಲ್ಲಿ ಉಪ್ಪು ಒಂದು ಹರಳು ಹೆಚ್ಚಾದರೆ ಸಾಕು, ನಿಜಾಮರ ಸೀಮೆಯ ಕೈ ಭಾಳ ಧಾರಾಳ ಅಂತ ಹೆಂಡತಿಯನ್ನು ಚುಚ್ಚುವನು. ಜಂಬಮ್ಮ ಬಿಡುವವಳಲ್ಲ. ಆ ಸೀಮೆಯ ಉಪ್ಪು ತಿಂದೇ ನಿಮ್ಮ ಹೊಟ್ಟೆ ಇಷ್ಟು ಅಂದಕ್ಕೆ ಬಂದಿದೆ, ಕನ್ನಡಿ ತರಲೇನು ಅಂತ ಕೇಳುವಳು. ಹೀಗೆ ಎರಡು ರಾಜ್ಯಗಳ ನಡುವಿನ ರಾಜಕಾರಣ ಆ ಅಡಿಗೆಮನೆಯಲ್ಲಿ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಆದರೆ ಹಿಂದಿನ ವರ್ಷದ ಶ್ರಾವಣದಲ್ಲಿ ಒಂದು ಸಂಗತಿ ಆಯಿತು. ಹೊಳೆ ತುಂಬಿ ಹರಿಗೋಲು ನಿಂತವು. ಹೊಳೆ ಇಳಿದಿರುವ ಕಾಲದಲ್ಲಿ ಎರಡೂ ದಂಡೆಯ ಹೆಂಗಸರು ಬಂಡೆಯ ಮೇಲೆ ಸೀರೆ ಹಾಸಿ ಕ್ಷೇಮ ತಿಳಿಸುವುದು ರೂಢಿ; ಹಸಿರು ಸೀರೆ ಹಾಸಿದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ ಅಂತ ಅರ್ಥ. ನೆರೆ ಬಂದಾಗ ಬಂಡೆಗಳೇ ಮುಳುಗಿ ಆ ದಾರಿಯೂ ಬಂದ್. ಅದೇ ಹೊತ್ತಿಗೆ ಜಂಬಮ್ಮನ ತಾಯಿ ಕೊಟ್ರಬಸಮ್ಮನಿಗೆ ದಮ್ಮು ಕೆರಳಿ, ಇವತ್ತೋ ನಾಳೆಯೋ ಅನ್ನುವ ಹಾಗಾಯಿತಂತೆ. ಮುದುಕಿ ಗಟ್ಟಿ, ಉಳಿದುಕೊಂಡಳು. ಜಂಬಮ್ಮನಿಗೆ ಸುದ್ದಿ ಮುಟ್ಟಿದ್ದು ನೆರೆ ಇಳಿದ ಮೇಲೆ. ಕಣ್ಣಿಗೆ ಕಾಣುವ ದೂರದಲ್ಲಿ ಹಡೆದವ್ವ ಉಸಿರಿಗೆ ಒದ್ದಾಡುತ್ತಿದ್ದಾಗ ತಾನು ಇಲ್ಲಿ ಹಪ್ಪಳ ಒಣಗಿಸುತ್ತಿದ್ದೆ ಅಂತ ಅವಳು ಅತ್ತ ಅಳು ಅಂದಾನಪ್ಪನಿಗೆ ನೋಡಲಾಗಲಿಲ್ಲ. ಜಿಪುಣ ಹೌದು, ಕಲ್ಲಲ್ಲ. ಮುಂದಿನ ನೆರೆಯೊಳಗೆ ನಿನಗೆ ನಿಮ್ಮವ್ವನ ಸುದ್ದಿ ದಿನಾ ಮುಟ್ಟುವ ಹಾಗೆ ಮಾಡುತ್ತೇನೆ ಅಂತ ವಿರೂಪಾಕ್ಷನ ಮೇಲೆ ಆಣೆ ಇಟ್ಟ.

ಆಣೆ ಇಟ್ಟಾಗ ಹೇಗೆ ಅಂತ ಅವನಿಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಸಂಡೂರಿನಲ್ಲಿ. (ಸಂಡೂರಿಗೂ ಬೇರೆ ರಾಜರು. ನಮ್ಮ ಕಡೆ ಬೆಳಿಗ್ಗೆ ಎದ್ದು ಎತ್ತು ಹುಡುಕಿಕೊಂಡು ಹೋದರೆ ಮೂರು ರಾಜ್ಯ ದಾಟಬಹುದಿತ್ತು.) ಅಲ್ಲಿಯ ಗಣಿ ಕಂಪನಿಗೆ ಬೆಲ್ಲ ಹಾಕಲು ಹೋದವನು ಸಾಹೇಬನೊಬ್ಬನ ಬಂಗಲೆಯ ಮೇಲೆ ಎತ್ತರದ ಕಂಬ, ಕಂಬಕ್ಕೆ ತಾಮ್ರದ ತಂತಿ ಕಂಡ. ಒಳಗೆ ಸಾಹೇಬ ಒಂದು ಪೆಟ್ಟಿಗೆಯ ಮುಂದೆ ಕೂತು ಟಕ್ಕು ಟಕ್ಕು ಅಂತ ಗುಂಡಿ ಒತ್ತುತ್ತಿದ್ದ. ಸಿಂಹಳದಲ್ಲಿರುವ ಸ್ನೇಹಿತನ ಜೊತೆ ಹರಟೆ ಹೊಡೆಯುತ್ತಿದ್ದಾನೆ ಅಂತ ಕಂಪನಿಯ ಮೇಸ್ತ್ರಿ ಹೊನ್ನೂರಸ್ವಾಮಿ ವಿವರಿಸಿದ. ನಡುವೆ ತಂತಿಯಿಲ್ಲ, ಟಪಾಲಿಲ್ಲ, ಅದೆಲ್ಲ ಆಕಾಶದಾಗಿಂದ ಹೋಗುತ್ತದೆ ಅಂದ. ಸಿಂಹಳಕ್ಕೆ ಹೋಗುವುದಾದರೆ ಅತ್ತೆಮನೆಗೆ ಹೋಗದೇ ಇರುತ್ತದೆಯೇ ಅಂತ ಅಂದಾನಪ್ಪನಿಗೆ ಅನ್ನಿಸಿತು. ಅಂಥವೇ ಎರಡು ಪೆಟ್ಟಿಗೆ ಮಾಡಿಕೊಡು ಅಂತ ಅಲ್ಲೇ ಮುಂಗಡ ಕೊಟ್ಟ. ಅಂದಾನಪ್ಪ ಮುಂಗಡ ಕೊಟ್ಟ ಅನ್ನುವ ಸುದ್ದಿ ಪೆಟ್ಟಿಗೆಗಿಂತ ಜಲ್ದಿ ಊರು ಮುಟ್ಟಿತು.

ಪೆಟ್ಟಿಗೆ ಬಂತು. ಮಾಳಿಗೆಯ ಮೇಲೆ ಬಿದಿರಿಗೆ ಬಿದಿರು ಕಟ್ಟಿ ಹಾರುವ ಕಾಗೆಯೂ ಕತ್ತೆತ್ತಿ ನೋಡುವಂಥ ಕಂಬ ನಿಂತಿತು. ತಂತಿ ಎಳೆಯಲು ತುದಿಗೊಂದು ಸಣ್ಣ ರಾಟೆ, ರಾಟೆಗೆ ಹಗ್ಗ. ಆಚೆ ದಂಡೆಯಲ್ಲಿ ಜಂಬಮ್ಮನ ತಮ್ಮ ಗಾದಿಲಿಂಗಪ್ಪನ ಮನೆಯ ಮೇಲೆ ಇದರ ಅವಳಿ ಎದ್ದಿತು. ಪೆಟ್ಟಿಗೆಯಲ್ಲಿ ಅವ್ವನ ಧ್ವನಿ ಬರುತ್ತದೆ ಅಂತ ಕಾದಿದ್ದ ಜಂಬಮ್ಮ, ಬರುವುದು ಬರೀ ಟಕ್ಕು ಅಂತ ತಿಳಿದು ನಿರಾಶಳಾದಳು. ನಮ್ಮವ್ವ ಬಡಿಗ್ಯಾರಕಿ ಅಲ್ಲ, ಹಿಂಗ ಟಕ್ಕು ಟಕ್ಕು ಮಾತಾಡಾಕ ಅಂದಳು. ಹೊನ್ನೂರಸ್ವಾಮಿ ಕನ್ನಡ ಅಕ್ಷರಕ್ಕೆ ಒಂದೊಂದು ಲೆಕ್ಕ ಕಟ್ಟಿಕೊಟ್ಟಿದ್ದ. ಕೆಲವು ಸಣ್ಣ ಪೆಟ್ಟು, ಕೆಲವು ಉದ್ದ ಪೆಟ್ಟು. ಮಾವ, ಮೈದುನ ಇಬ್ಬರೂ ಅದನ್ನು ಕಲಿಯಲು ಕೂತರು.

ಅಂದಾನಪ್ಪ ಕಲಿತದ್ದು ಊಟದ ತಟ್ಟೆಯ ಮೇಲೆ. ಬೆರಳಿನಿಂದ ಟಕ್ಕು ಅಂದಾಗಲೆಲ್ಲ ಇನ್ನೊಂದು ರೊಟ್ಟಿ ಕೇಳುತ್ತಿದ್ದಾನೆ ಅಂತ ತಿಳಿದು ಜಂಬಮ್ಮ ಬಡಿಸುತ್ತ ಹೋದಳು. ಕೊಟ್ಟಿದ್ದನ್ನು ಬಿಡುವ ಜಾತಿಯಲ್ಲ ಅವನು, ತಿಂದ. ‘ಕ’ದಿಂದ ‘ಹ’ದವರೆಗೆ ಮುಗಿಯುವಷ್ಟರಲ್ಲಿ ಅವನ ಅಂಗಿಯ ಗುಂಡಿಗಳು ಕೂಡದಾದವು. ಕೊನೆಗೆ ಯಾವ ಟಕ್ಕು ರೊಟ್ಟಿಯದು, ಯಾವ ಟಕ್ಕು ಪಾಠದ್ದು ಅಂತ ತಿಳಿಯದೆ ಜೋಳದ ಹಿಟ್ಟೇ ಖಾಲಿಯಾಗತೊಡಗಿದಾಗ, ಜಂಬಮ್ಮ ಬೇರೆ ದಾರಿ ಕಾಣದೆ ಕಿವಿಗೊಟ್ಟು ಕೇಳತೊಡಗಿದಳು.

ಇನ್ನು ಉಳಿದದ್ದು ಲೈಸನ್ಸು. ಆಕಾಶ ದೇವರದು ಅಂತ ಅಂದಾನಪ್ಪ ತಿಳಿದಿದ್ದ. ಅಲ್ಲವಂತೆ, ಅದಕ್ಕೂ ಸರಕಾರವಿದೆಯಂತೆ, ಈಚೆಯ ಕಂಬಕ್ಕೆ ಈ ಸರಕಾರದ ಅಪ್ಪಣೆ, ಆಚೆಯ ಕಂಬಕ್ಕೆ ಆ ಸರಕಾರದ ಅಪ್ಪಣೆ ಬೇಕಂತೆ. ಅರ್ಜಿ ಹೋದವು, ತಿಂಗಳುಗಟ್ಟಲೆ ಅಲೆದವು, ಎರಡೂ ಕಡೆ ಮಂಜೂರೂ ಆದವು. ಶುಲ್ಕ ಕಟ್ಟಿದರೆ ಮುಗಿಯಿತು.

ಕಟ್ಟಿಬಿಟ್ಟಿದ್ದರೆ ನಾನು ಈ ಕಥೆ ಹೇಳುವ ಪ್ರಸಂಗ ಬರುತ್ತಿರಲಿಲ್ಲ. ಸಂಕ್ರಾಂತಿಗೆ ಗಾದಿಲಿಂಗಪ್ಪ ಅಕ್ಕನ ಮನೆಗೆ ಊಟಕ್ಕೆ ಬಂದ. ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿತ್ತು, ತುಪ್ಪದ ಗುಂಗಿನಲ್ಲಿ ಅಂದಾನಪ್ಪನಿಗೆ ಎಂದೂ ಬರದ ಔದಾರ್ಯ ಬಂತು.

"ನಿನ್ನ ಲೈಸನ್ಸಿನ ರೊಕ್ಕ ನಾ ಕಟ್ಟತೀನಿ ಗಾದಿಲಿಂಗ. ನಮ್ಮತ್ತಿ ಸಲುವಾಗಿ ಮಾಡಿದ್ದು, ನಿನ್ನ ಕೈಲಿ ಕಟ್ಟಿಸಿದ್ರ ನನಗ ಶೋಭಾ ಅಲ್ಲ."

ಹೋಳಿಗೆ ಮುರಿಯುತ್ತಿದ್ದ ಗಾದಿಲಿಂಗಪ್ಪನ ಕೈ ಅಲ್ಲೇ ನಿಂತಿತು. ಹೆಣ್ಣು ಕೊಟ್ಟ ಮನೆಯವರು ಹೀಗೆ ಪುಕ್ಕಟೆ ಉಪಕಾರ ತೆಗೆದುಕೊಂಡು ಸುಮ್ಮನೆ ತೇಗುವುದುಂಟೇ?

"ಹಂಗಂದ್ರ ಹೆಂಗ ಮಾವಾರ? ನಿಮ್ಮ ಲೈಸನ್ಸು ನಾ ಕಟ್ಟತೀನಿ. ಒಲ್ಲೆ ಅಂದ್ರ ಈ ಹೋಳಿಗಿ ಮುಟ್ಟಂಗಿಲ್ಲ ನಾ."

ಒಂದು ತಾಸು ಒಬ್ಬರಿಗೊಬ್ಬರು ಬ್ಯಾಡ ಬ್ಯಾಡ ಅಂದರು, ಒಬ್ಬರ ಕೈ ಒಬ್ಬರು ಹಿಡಿದರು, ಕಣ್ಣಲ್ಲಿ ನೀರೂ ತಂದುಕೊಂಡರು. ಕೊನೆಗೆ ಇವನದು ಅವನು, ಅವನದು ಇವನು ಕಟ್ಟುವುದು ಅಂತ ತೀರ್ಮಾನವಾಯಿತು. ಅಂದರೆ ಏನಾಯಿತು ನೋಡಿ. ಈಚೆಯ ಅಂದಾನಪ್ಪ ಆಚೆಯ ಸರಕಾರಕ್ಕೆ ಹಾಲಿಯಲ್ಲಿ ಕಟ್ಟಬೇಕು. ಆಚೆಯ ಗಾದಿಲಿಂಗಪ್ಪ ಈಚೆಯ ಸರಕಾರಕ್ಕೆ ಕಲ್ದಾರಿನಲ್ಲಿ ಕಟ್ಟಬೇಕು. ಇಬ್ಬರ ಹತ್ತಿರವೂ ಇರುವುದು ಇನ್ನೊಬ್ಬನಿಗೆ ಬೇಕಾದ ನಾಣ್ಯ.

ಹಾಲಿ ಅಗ್ಗವಾದಾಗ ಕೊಂಡರೆ ನಾಲ್ಕು ಕಾಸು ಉಳಿಯುತ್ತದೆ ಅಂತ ಅಂದಾನಪ್ಪ ಹೊಸಪೇಟೆಯ ಸರಾಫ ಚನ್ನಯ್ಯನ ಅಂಗಡಿಗೆ ಹೋಗಿ ಬರತೊಡಗಿದ. ನಾಣ್ಯ ಬದಲಿ ಮಾಡುವುದು ಚನ್ನಯ್ಯನ ವೃತ್ತಿ. ಹಂಪಿಗೆ ಹುಣ್ಣಿಮೆಗೆ ಆಚೆ ದಂಡೆಯ ಭಕ್ತರು ಬಂದು ಬಜಾರಿನಲ್ಲೆಲ್ಲ ಹಾಲಿ ಚೆಲ್ಲಿ ಹೋಗುತ್ತಾರೆ, ಆವಾಗ ಹಾಲಿ ಇಳಿಯುತ್ತದೆ, ತಡೆಯಿರಿ ಅಂದ. ಅಂದಾನಪ್ಪ ತಡೆದ. ಹುಣ್ಣಿಮೆ ಬಂತು, ಹಾಲಿ ಇಳಿಯಿತು. ಇಳಿದದ್ದು ಇನ್ನೂ ಇಳಿಯಬಹುದಲ್ಲ ಅಂತ ಮತ್ತೆ ತಡೆದ. ಏರಿತು. ಗಾಬರಿಯಾಗಿ ಕೊಂಡ. ಕೊಂಡ ಮರುವಾರ ಇಳಿಯಿತು. ಸಿಟ್ಟಿಗೆ ಮಾರಿ ಬಂದ. ಪ್ರತಿ ಬದಲಿಗೂ ಚನ್ನಯ್ಯ ವಟ್ಟ ಅಂತ ಒಂದಿಷ್ಟು ಹಿಡಿದುಕೊಳ್ಳುತ್ತಿದ್ದ. ಮೋಟಾರು ಬಸ್ಸಿನ ಚಾರ್ಜು ಬೇರೆ. ಯುಗಾದಿಯ ಹೊತ್ತಿಗೆ ಚನ್ನಯ್ಯ ತನ್ನ ಅಂಗಡಿಗೆ ಹೊಸ ಮಾಡು ಹಾಕಿಸಿ, ಎಲ್ಲ ನಿಮ್ಮ ಆಶೀರ್ವಾದ ಅಂತ ಅಂದಾನಪ್ಪನಿಗೆ ಒಂದು ಲೋಟ ಕಬ್ಬಿನ ಹಾಲು ಕುಡಿಸಿದ. ಅಂದಾನಪ್ಪ ಕೃತಜ್ಞತೆಯಿಂದ ಕುಡಿದ.

ಆಚೆ ದಂಡೆಯಲ್ಲಿ ಗಾದಿಲಿಂಗಪ್ಪ ಗಂಗಾವತಿಯ ಸರಾಫನ ಕಟ್ಟೆ ಸವೆಸುತ್ತಿದ್ದ. ಅವನಿಗೆ ಬೇಕಾದದ್ದು ಹಾಲಿ ಏರುವುದು, ಇವನಿಗೆ ಬೇಕಾದದ್ದು ಹಾಲಿ ಇಳಿಯುವುದು. ಇವನು ನಕ್ಕ ದಿನ ಅವನಿಗೆ ಹೊಟ್ಟೆನೋವು, ಅವನು ನಕ್ಕ ದಿನ ಇವನಿಗೆ ತಲೆನೋವು. ನೀವು ಜಲ್ದಿ ಕಟ್ಟಿ ಅಂತ ಇನ್ನೊಬ್ಬನಿಗೆ ಹೇಳುವ ಹಾಗೂ ಇಲ್ಲ, ಬೀಗರ ಮರ್ಯಾದೆ. ಹರಿಗೋಲಿನಲ್ಲಿ ಎದುರುಬದುರು ಸಿಕ್ಕಾಗ, ಆತು ಮಾವಾರ, ಇನ್ನೇನು ಕಟ್ಟೇಬಿಟ್ಟೆ ಅಂತ ಅವನು, ನಾನೂ ಅಷ್ಟೇ ಅಂತ ಇವನು. ಹೀಗೆ ಬೇಸಗೆ ಕಳೆಯಿತು, ಕಾರಹುಣ್ಣಿಮೆ ಕಳೆಯಿತು, ಪೆಟ್ಟಿಗೆಗಳು ಎರಡೂ ದಂಡೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದವು. ಲೈಸನ್ಸಿಲ್ಲದೆ ಗುಂಡಿ ಮುಟ್ಟಲು ಅಂದಾನಪ್ಪನಿಗೆ ಧೈರ್ಯವಿಲ್ಲ. ಪೊಲೀಸಿನವರು ಸಂತೆಗೆ ಹೊರಟಿದ್ದರೂ ಅವನು ಅಂಗಡಿಯ ಬಾಗಿಲು ಅರ್ಧ ಎಳೆದುಕೊಳ್ಳುವವನು.

ಅಷ್ಟರಲ್ಲಿ ಹೊಳೆ ಬಂತು. ಕೊನೆಯ ಹರಿಗೋಲಿನಲ್ಲಿ ಬಂದವರು, ಕೊಟ್ರಬಸಮ್ಮನಿಗೆ ಮತ್ತೆ ದಮ್ಮು, ಹಾಸಿಗೆ ಹಿಡಿದಿದ್ದಾಳೆ ಅಂತ ಹೇಳಿ ಹೋದರು. ಮರುದಿನ ಬಂಡೆಗಳು ಮುಳುಗಿದವು.

ಜಂಬಮ್ಮ ಎರಡು ದಿನ ಹೊಳೆ ದಂಡೆಗೆ ಹೋಗಿ ಆಚೆ ನೋಡಿ ಬಂದಳು. ಮೂರನೆಯ ದಿನ ರೊಟ್ಟಿ ತಟ್ಟುವುದನ್ನು ಬಿಟ್ಟು ಗಂಡನ ಮುಂದೆ ಬಂದು ನಿಂತಳು. ಈಗ ಕೇಳ್ರಿ ನಮ್ಮವ್ವ ಹೆಂಗದಾಳ ಅಂತ ಅಂದಳು. ಅಂದಾನಪ್ಪ ಹಾಲಿಯ ದರ, ಹಂಪಿಯ ಹುಣ್ಣಿಮೆ, ಚನ್ನಯ್ಯನ ವಟ್ಟ ಎಲ್ಲ ಸವಿಸ್ತಾರವಾಗಿ ತಿಳಿಸಿದ. ಇವನದು ಅವನು, ಅವನದು ಇವನು ಅನ್ನುವ ಒಪ್ಪಂದವನ್ನೂ ತಿಳಿಸಿದ. ಅವಳು ಪೂರ್ತಿ ಕೇಳಿದಳು.

"ಅಲ್ರಿ, ನಿಮ್ಮದು ನೀವು ಕಲ್ದಾರದಾಗ ಕಟ್ರಿ. ತಮ್ಮಂದು ಅವ ಹಾಲಿಯೊಳಗ ಕಟ್ಲಿ. ನಡುವ ಬದಲಿ ಮಾಡೋದ್ಯಾಕ?"

ಅಂದಾನಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮತ್ತೆ ಹಾಕಿದ. ಎರಡು ಸಲವೂ ಸರಿ ಬಂತು. ಎರಡು ರಾಜ್ಯ, ಇಬ್ಬರು ಸರಾಫರು, ಎಂಟು ತಿಂಗಳು. ಇದು ಯಾರಿಗೂ ಹೊಳೆದಿರಲಿಲ್ಲ. ಅದು ಮರ್ಯಾದೆ ಅಲ್ಲ ಅಂತ ಏನೋ ಗೊಣಗಿದ. ಹಾಸಿಗೆ ಹಿಡಿದ ಮುದುಕಿಗೆ ನಿಮ್ಮ ಮರ್ಯಾದಿ ಕಷಾಯ ಕಾಸಿ ಕುಡಿಸಾಕ ಬರತೈತೇನು ಅಂತ ಜಂಬಮ್ಮ ಕೇಳಿದಳು. ಅದನ್ನು ಕೇಳಿ ಅಂದಾನಪ್ಪನಿಗೆ ತಾನು ಇಟ್ಟ ಆಣೆ ನೆನಪಾಗಿ ನಾಚಿಕೆಯಾಯಿತು.

ಸರಿ, ಈಗ ಈ ತಿಳಿವನ್ನು ಗಾದಿಲಿಂಗಪ್ಪನಿಗೆ ಮುಟ್ಟಿಸಬೇಕು. ಮುಟ್ಟಿಸಲು ಪೆಟ್ಟಿಗೆ ಬೇಕು, ಪೆಟ್ಟಿಗೆ ಮುಟ್ಟಲು ಲೈಸನ್ಸು ಬೇಕು, ಲೈಸನ್ಸು ಬರಲು ಗಾದಿಲಿಂಗಪ್ಪನಿಗೆ ಮುಟ್ಟಿಸಬೇಕು. ಟಪಾಲಿಗೆ ಹಾಕಿದರೆ ಅದು ರೈಲು ಹತ್ತಿ ಗುಂತಕಲ್ಲು, ರಾಯಚೂರು ಎಲ್ಲ ಸುತ್ತಿ ಎದುರು ದಂಡೆ ಸೇರುವಷ್ಟರಲ್ಲಿ ಹೊಳೆಯೇ ಇಳಿದಿರುತ್ತಿತ್ತು. ಇರಲಿ, ತನ್ನದಾದರೂ ಕಟ್ಟೋಣ ಅಂತ ಅಂದಾನಪ್ಪ ಮಳೆಯಲ್ಲೇ ಅಂಚೆ ಕಚೇರಿಗೆ ಓಡಿದ. ವಿಲಾಯತಿಯಲ್ಲಿ ಯುದ್ಧ ಶುರುವಾಗಿದೆ, ಖಾಸಗಿಯವರ ಇಂಥ ಪೆಟ್ಟಿಗೆಗಳನ್ನೆಲ್ಲ ಸರಕಾರ ಬಂದ್ ಮಾಡಿದೆ, ಲೈಸನ್ಸಿನ ಮಾತೇ ಇಲ್ಲ ಅಂತ ಅಲ್ಲಿಯ ಪೋಸ್ಟ್ ಮಾಸ್ತರರು ಪಾಪ, ಮರುಕದಿಂದಲೇ ಹೇಳಿದರು. ಪೆಟ್ಟಿಗೆಯನ್ನು ಹೊಸಪೇಟೆಗೆ ಒಯ್ದು ಒಪ್ಪಿಸುವುದು ಒಳ್ಳೆಯದು ಅಂದರು. ಒಂದು ಸಲವೂ ಬಾಯಿ ಬಿಡದ ಪೆಟ್ಟಿಗೆಯನ್ನು ಅಂದಾನಪ್ಪ ಮರುದಿನವೇ ಗೋಣಿಯಲ್ಲಿ ಸುತ್ತಿ ಒಪ್ಪಿಸಿ ಬಂದ. ಬಿದಿರಿನ ಕಂಬವನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ತಪ್ಪಾಯಿತು ಜಂಬಿ ಅಂದ. ಅವಳು ಬೈಯುತ್ತಾಳೆ ಅಂತ ಕಾದ. ಬೈಯಲಿಲ್ಲ. ಅವಳು ಮಾಳಿಗೆಯ ಕಡೆ ನೋಡುತ್ತಿದ್ದಳು.

"ಬಂಡೆಗಲ್ಲು ಮುಳುಗ್ಯಾವ ಖರೆ. ನಿಮ್ಮ ಕಂಬ ಮುಳುಗಿಲ್ಲಲ್ರಿ," ಅಂದಳು.

ಟ್ರಂಕಿನಿಂದ ತಾಯಿ ಉಡಿಸಿದ ಹಸಿರು ಇಳಕಲ್ ಸೀರೆ ತೆಗೆದಳು. ಇಬ್ಬರೂ ಮಾಳಿಗೆ ಹತ್ತಿದರು. ಆಕಾಶದಿಂದ ಮಾತು ಇಳಿಸಲು ಕಟ್ಟಿದ್ದ ರಾಟೆಯ ಹಗ್ಗಕ್ಕೆ ಸೀರೆ ಕಟ್ಟಿ ಎಳೆದರು. ಸೀರೆ ಕಂಬದ ತುದಿಗೆ ಹೋಗಿ ಗಾಳಿಗೆ ಬಿಚ್ಚಿಕೊಂಡಿತು. ನಾವು ನೆಟ್ಟಗಿದ್ದೇವೆ, ನೀವು ಹೇಗಿದ್ದೀರಿ ಅಂತ ಅದರ ಅರ್ಥ. ಆಚೆ ದಂಡೆಯಲ್ಲಿ ಮರಗಳ ಮೇಲೆ ಗಾದಿಲಿಂಗಪ್ಪನ ಕಂಬ ಬೋಳಾಗಿ ನಿಂತಿತ್ತು.

ಆ ದಿನವೆಲ್ಲ ಅದು ಬೋಳಾಗಿಯೇ ಇತ್ತು. ಜಂಬಮ್ಮ ಕೆಳಗೆ ಇಳಿಯಲಿಲ್ಲ. ಅಂದಾನಪ್ಪ ತಾನೇ ಅನ್ನ ಮಾಡಿ (ಅನ್ನ ಅಂತ ಅವನು ಕರೆದ) ಮೇಲೆ ತಂದುಕೊಟ್ಟ, ಅವಳು ಮುಟ್ಟಲಿಲ್ಲ. ಅತ್ತೆಗೆ ಏನಾದರೂ ಆಗಿಬಿಟ್ಟಿದ್ದರೆ ಈ ಮುಖ ಇವಳಿಗೆ ಹೇಗೆ ತೋರಿಸಲಿ ಅಂತ ಅವನು ಕೂತಲ್ಲಿ ಕೂರದಾದ. ನೂರಾ ಹದಿನಾರಲ್ಲ, ನೂರಕ್ಕೆ ಹತ್ತೇ ಹಾಲಿ ಕೊಡಲಿ, ಆ ಮುದುಕಿಯನ್ನು ಉಳಿಸಪ್ಪ ಅಂತ ವಿರೂಪಾಕ್ಷನಿಗೆ ಮೊರೆಯಿಟ್ಟ. ಅವನ ಆಯುಷ್ಯದಲ್ಲಿ ದರ ನೋಡದೆ ಮಾಡಿದ ವ್ಯವಹಾರ ಅದೊಂದೇ.

ಮರುದಿನ ಬೆಳಿಗ್ಗೆ ಮಳೆ ಹೊಳವಾಯಿತು. ಆಚೆ ದಂಡೆಯ ಕಂಬದಲ್ಲಿ ಏನೋ ಅಲುಗಿತು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು, ಕೆಳಗಿಳಿಯಿತು, ಮತ್ತೆ ಏರಿತು. ಹಸಿರು ಸೀರೆ. ಕೆಂಪು ಅಂಚಿನ, ಕೊಟ್ರಬಸಮ್ಮನದೇ ಹಸಿರು ಸೀರೆ. (ಒಂದು ದಿನ ತಡವಾದದ್ದು ಯಾಕೆ ಅಂತ ಆಮೇಲೆ ತಿಳಿಯಿತು. ಕಂಬದ ಹಗ್ಗ ಬಿಚ್ಚಿ ಗಾದಿಲಿಂಗಪ್ಪ ಎಮ್ಮೆಗೆ ಕಟ್ಟಿದ್ದ.) ಜಂಬಮ್ಮ ಗೋಡೆ ಹಿಡಿದು ಕೂತುಬಿಟ್ಟಳು. ಕಣ್ಣೀರು ಒರೆಸಿಕೊಳ್ಳುತ್ತ, ನಿಮ್ಮ ಪುಣ್ಯಾರಿ, ನೀವು ಕಂಬ ನೆಡಸಲಿಲ್ಲಂದ್ರ ನಂಗ ಇದು ಕಾಣ್ತಿರಲಿಲ್ಲ ಅಂದಳು. ಹೆಂಡತಿಯ ಬಾಯಿಂದ ಅಂಥ ಮಾತು ಕೇಳಿ ಅಭ್ಯಾಸವಿಲ್ಲದ ಅಂದಾನಪ್ಪ ಯಾವ ಕಡೆ ನೋಡಬೇಕೋ ತಿಳಿಯದೆ ಆಕಾಶ ನೋಡಿದ. ಆಕಾಶ, ಹೆಂಡತಿ, ಅತ್ತೆ, ಎಮ್ಮೆ ಎಲ್ಲರ ಮೇಲೂ ಅವನಿಗೆ ಅಕ್ಕರೆ ಉಕ್ಕಿತು.

ಉಕ್ಕಿದ್ದು ಅಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಆಚೆಯ ಕಂಬದಲ್ಲಿ ಸೀರೆಯ ಕೆಳಗೆ ಈಗ ಗಾದಿಲಿಂಗಪ್ಪನ ಬಿಳಿ ರುಮಾಲು ಏರಿತು. ಏರಿ ತಟ್ಟನೆ ಇಳಿಯಿತು. ಮತ್ತೆ ಏರಿ ಸ್ವಲ್ಪ ಹೊತ್ತು ನಿಂತು ಇಳಿಯಿತು. ಸಣ್ಣ ಪೆಟ್ಟು, ಉದ್ದ ಪೆಟ್ಟು. ಅಂದಾನಪ್ಪ ತಿಂಗಳುಗಟ್ಟಲೆ ತಟ್ಟೆ ಬಡಿದದ್ದು ವ್ಯರ್ಥವಾಗಲಿಲ್ಲ. ಇವನೂ ಉತ್ತರ ಕೊಡಬೇಕು, ಬಿಳಿ ಬಟ್ಟೆ ಬೇಕು. ಮನೆಯ ಬಟ್ಟೆಯೆಲ್ಲ ಮಳೆಗೆ ನೆನೆದು ಮುದ್ದೆಯಾಗಿ ಬಿದ್ದಿದ್ದವು. ಒಣಗಿದ ಬಿಳಿ ಬಟ್ಟೆ ಅಂತ ಇದ್ದದ್ದು ಅವನು ಉಟ್ಟ ಧೋತ್ರ ಒಂದೇ. ಹಿಂದುಮುಂದು ನೋಡದೆ ಬಿಚ್ಚಿ ಹಗ್ಗಕ್ಕೆ ಕಟ್ಟಿದ. ಧೋತ್ರ ಹಾರಿಸುವುದಕ್ಕೂ ಲೈಸನ್ಸು ಬೇಕೋ ಏನೋ ಅಂತ ಒಂದು ಗಳಿಗೆ ಹೆದರಿದ, ಆಮೇಲೆ ಎಳೆದೇಬಿಟ್ಟ. ಕೆಳಗೆ ಹೊಳೆ ನೋಡಲು ಬಂದಿದ್ದ ಜನ ಹೊಳೆ ಬಿಟ್ಟು ಮಾಳಿಗೆ ನೋಡತೊಡಗಿದರು.

ರುಮಾಲು ಏರಿತು, ಇಳಿಯಿತು. ಅಂದಾನಪ್ಪ ಬೆರಳು ಮಡಚುತ್ತ ತಡವರಿಸಿದ. ‘ದ’ ಆದಮೇಲೆ ‘ರ’ವೋ ‘ಲ’ವೋ ಅಂತ ತಲೆ ಕೆರೆದುಕೊಂಡ.

"ದರ ಎಷ್ಟು ಅಂತ ಕೇಳಾಕತ್ತಾನ್ರಿ," ಅಂದಳು ಜಂಬಮ್ಮ, ಗೋಡೆಗೆ ಒರಗಿಕೊಂಡೇ.

ಅಂದಾನಪ್ಪ ತಿರುಗಿ ನೋಡಿದ. ರೊಟ್ಟಿಯ ಟಕ್ಕು, ಪಾಠದ ಟಕ್ಕು ಬೇರೆ ಮಾಡುತ್ತ ಮಾಡುತ್ತ ಇವಳು ಅಷ್ಟನ್ನೂ ಕಲಿತುಬಿಟ್ಟಿದ್ದಳು, ಅವನಿಗಿಂತ ಚೊಕ್ಕವಾಗಿ. ಇರಲಿ ಅಂತ ಅವನು ಚನ್ನಯ್ಯ ಕೊನೆಗೆ ಹೇಳಿದ ದರ ನೆನಪು ಮಾಡಿಕೊಂಡು ಹಗ್ಗ ಹಿಡಿದ. ಜಂಬಮ್ಮ ಎದ್ದು ಬಂದು ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ರೊಟ್ಟಿ ತಟ್ಟಿ ಗಟ್ಟಿಯಾದ ಕೈ. ಧೋತ್ರ ಸರಸರನೆ ಏರಿ ಇಳಿಯಿತು. ಅವ್ವ ಉಂಡಳೇನು ಅಂತ ಕೇಳಿದಳು.

ಆಚೆಯಿಂದ ಉತ್ತರ ಬರತೊಡಗಿತು. ಭಾಳ ಉದ್ದದ ಉತ್ತರ. ಜಂಬಮ್ಮ ಕಣ್ಣು ಕಿರಿದು ಮಾಡಿ ನೋಡುತ್ತ ಹೋದಳು, ನೋಡುತ್ತ ನೋಡುತ್ತ ಅವಳ ಭುಜ ಅಲುಗತೊಡಗಿತು. ಅಂದಾನಪ್ಪ ಗಾಬರಿಯಾಗಿ, ಏನಂತೆ ಅಂತ ಕೇಳಿದ. ಅವಳು ಅಳುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೆರೆ ಬಂದಾಗಿನಿಂದ ಅವಳು ನಕ್ಕಿರಲಿಲ್ಲ.

"ಅವ್ವ ಗಂಜಿ ಉಂಡು ಅಂಗಳದಾಗ ಬಂದು ಕುಂತಾಳಂತ. ಎಲ್ಲಾ ಕಾಣತೈತಂತ ಆಕಿಗೆ. ಅಳಿಯಾರಿಗೆ ಧೋತ್ರ ಉಟ್ಕೊಳ್ಳಾಕ ಹೇಳು ಅಂತಾಳ."

ಅಂದಾನಪ್ಪ ಕೆಳಗೆ ನೋಡಿದ. ಕಂಪ್ಲಿಯ ಅರ್ಧ ಜನ ಕತ್ತೆತ್ತಿ ನಿಂತಿದ್ದರು. ಅಂಗಿ ಜಗ್ಗಿಕೊಂಡ, ಮೊಳಕಾಲಿಗೂ ಬರಲಿಲ್ಲ. ಗಿಡ್ಡ ಗೋಡೆಯ ಮರೆಗೆ ಕುಕ್ಕರಿಸಿ, ಲೇ ಜಂಬಿ, ನನ್ನ ಧೋತ್ರ ಕೊಡ ಅಂತ ಕೈ ಚಾಚಿದ.

"ಸ್ವಲ್ಪ ತಡೀರಿ," ಅಂದಳು ಜಂಬಮ್ಮ, ಹಗ್ಗ ಬಿಡದೆ. "ಒಂದು ವರ್ಷದ್ದು ಮಾತಾಡೋದೈತಿ."